ಮುಟ್ಟದೇ ಬೀಳಿಸುವ ಗುರು, ಬೀಳದೇ ನಿಂತ ಶಿಷ್ಯ: ತೈಚಿಯ ಒಳಶಕ್ತಿ ಎಷ್ಟು ನಿಜ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಒಬ್ಬರ ಬಳಿ ತೈಚಿ, ಅಂದರೆ ನಿಧಾನವಾಗಿ ಅಭ್ಯಾಸ ಮಾಡುವ ಚೀನೀ ಸಮರಕಲೆ, ಕಲಿಯುತ್ತಿದ್ದೇನೆ. ಬೆನ್ನುನೋವಿಗೆ ಅಂತ ಸೇರಿದ್ದು, ಆಮೇಲೆ ಹುಚ್ಚು ಹತ್ತಿತು. ದಿನಾ ಬೆಳಿಗ್ಗೆ ಮರ ತಬ್ಬಿಕೊಂಡ ಹಾಗೆ ಕೈ ಹಿಡಿದು 40 ನಿಮಿಷ ನಿಲ್ಲುತ್ತೇನೆ. ಅಂಗೈ ಬಿಸಿಯಾಗುತ್ತದೆ, ಬೆರಳು ಜುಮುಜುಮು ಅನ್ನುತ್ತದೆ. ಇದೇ 'ಚೀ', ಒಳಶಕ್ತಿ ಅಂತಾರೆ ನಮ್ಮ ಮಾಸ್ಟರ್. ಅವರು ಮುಟ್ಟದೇ, ದೂರದಿಂದ ಕೈ ಬೀಸಿ ಹಿರಿಯ ವಿದ್ಯಾರ್ಥಿಗಳನ್ನು ಬೀಳಿಸುತ್ತಾರೆ. ಹೋದ ತಿಂಗಳು ನನ್ನ ಮೇಲೂ ಮಾಡಿದರು. ನನಗೇನೂ ಆಗಲಿಲ್ಲ, ಸುಮ್ನೆ ನಿಂತಿದ್ದೆ. 'ನಿನ್ನ ನಾಡಿಗಳು ಮುಚ್ಚಿವೆ' ಅಂದರು. ಅದನ್ನು ತೆರೆಯೋಕೆ ಒಂದು ವರ್ಷದ 'ಒಳಶಿಷ್ಯ' ಕೋರ್ಸ್ ಇದೆಯಂತೆ, 80,000 ರೂಪಾಯಿ. ಅದರ ಮೊದಲ ಪಾಠ ಅಂತ ಉಸಿರು ಕಟ್ಟಿ ಹೊಕ್ಕುಳ ಕೆಳಗೆ ಒತ್ತುವುದನ್ನು ಹೇಳಿಕೊಟ್ಟಿದ್ದಾರೆ. ಅದನ್ನು ಮಾಡಿದ ದಿನ ತಲೆ ಸಿಡಿಯುತ್ತದೆ. ಬಲಗಾಲಿನ ಮಂಡಿಯೂ ನೋಯುತ್ತಿದೆ. ಈ ಕಡೆ ನೋಡಿದರೆ ಯೂಟ್ಯೂಬ್ ತುಂಬಾ ತೈಚಿ ಗುರುಗಳು ಕೆಲವೇ ಸೆಕೆಂಡಿನಲ್ಲಿ ಹೊಡೆತ ತಿಂದು ಬೀಳುವ ವಿಡಿಯೊಗಳು. ಒಳಶಕ್ತಿ ಅನ್ನೋದು ಇದೆಯಾ? ಇದ್ದರೆ ನನಗೆ ಯಾಕೆ ಬರಲಿಲ್ಲ? ಇಲ್ಲದಿದ್ದರೆ ನನ್ನ ನಾಲ್ಕು ವರ್ಷ ಹಾಳಾಯಿತಾ?

ಉತ್ತರ: ಮೊದಲು ತಲೆನೋವು. ಮಿಕ್ಕಿದ್ದು ಕಾಯಬಹುದು, ಇದು ಕಾಯುವಂಥದ್ದಲ್ಲ. ಉಸಿರು ಕಟ್ಟಿ ಹೊಟ್ಟೆ ಒತ್ತುವುದನ್ನು ಇವತ್ತೇ ನಿಲ್ಲಿಸಿ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಬಿಪಿ ನೋಡಿಸಿ. ಉಸಿರು ಬಿಗಿಹಿಡಿದು ಮುಕ್ಕಿದಾಗ ಎದೆಗೂಡಿನ ಒಳಗೆ ಒತ್ತಡ ಹೆಚ್ಚುತ್ತದೆ, ರಕ್ತದೊತ್ತಡ ಆ ಕ್ಷಣಕ್ಕೆ ಸರ್ರನೆ ಏರುತ್ತದೆ. ಜಿಮ್ಮಿನಲ್ಲಿ ಭಾರ ಎತ್ತುವವರು ದಮ್ಮು ಕಟ್ಟಿ ಕೆಂಪಗಾಗುವುದು ಇದಕ್ಕೇ. ಅವರದು ಎರಡು ಮೂರು ಸೆಕೆಂಡು, ನಿಮ್ಮದು ಎಷ್ಟೋ ಹೊತ್ತು. ತಲೆ ಸಿಡಿಯುವುದು ನಾಡಿ ತೆರೆಯುವ ಲಕ್ಷಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಮ್ಮೆಲೇ, ಹಿಂದೆಂದೂ ಬಾರದಷ್ಟು ಜೋರಾಗಿ ತಲೆನೋವು ಬಂದರೆ ಕ್ಲಿನಿಕ್ ಬೇಡ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದು 'ಒಳಶಕ್ತಿ ಇದೆಯಾ' ಅಂತ. ಓದುವಾಗ ನನಗೆ ಕೇಳಿಸಿದ್ದು ಇನ್ನೊಂದು: ಎಲ್ಲರೂ ಬಿದ್ದರು, ನಾನೊಬ್ಬ ಬೀಳಲಿಲ್ಲ, ಕೊರತೆ ನನ್ನಲ್ಲೇನಾ? ಕೊರತೆ ನಿಮ್ಮಲ್ಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ತೈಚಿ ಕಲಿಯಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಹಾಗಾಗಿ ಈ ವಿದ್ಯೆಯನ್ನು ಬಯ್ಯುವವರ ಜೊತೆ ಸೇರೋಕೂ ಮನಸ್ಸಿಲ್ಲ, ಪವಾಡ ಅಂತ ಕೈ ಮುಗಿಯುವವರ ಪಕ್ಕ ಕೂರೋಕೂ ಆಗುವುದಿಲ್ಲ.

ಹೆಸರಿನಲ್ಲೇ ಒಂದು ಗೊಂದಲ ಇದೆ. ತೈಚಿಯ 'ಚಿ' ಬೇರೆ, ಒಳಶಕ್ತಿಯ 'ಚೀ' ಬೇರೆ. ಚೀನೀ ಭಾಷೆಯಲ್ಲಿ ಎರಡಕ್ಕೂ ಅಕ್ಷರ ಬೇರೆ, ಉಚ್ಚಾರವೂ ಬೇರೆ. ಮೊದಲನೆಯದರ ಸರಿ ಉಚ್ಚಾರ 'ಜೀ'ಗೆ ಹತ್ತಿರ, ಅರ್ಥ ತುತ್ತತುದಿ. ತೈಜೀ ಅಂದರೆ ಪರಮ ತುದಿ. ಯಿನ್ ಮತ್ತು ಯಾಂಗ್ ಎಂಬ ಎದುರುಬದುರು ತತ್ವಗಳೆರಡೂ ಹುಟ್ಟುವ ಮೂಲಕ್ಕೆ ಚೀನೀ ತತ್ವಶಾಸ್ತ್ರದವರು ಇಟ್ಟ ಹೆಸರದು. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಂಡವು, ನಾವೂ ಹಾಗೇ ಎತ್ತಿಕೊಂಡೆವು. 'ಹೆಸರಲ್ಲೇ ಚೀ ಇದೆ ನೋಡಿ' ಅಂತ ಭಾಷಣ ಶುರುಮಾಡುವ ಮಾಸ್ಟರ್‌ಗಳನ್ನು ನಾನು ಕಂಡಿದ್ದೇನೆ. ಪಾಪ, ಮೊದಲ ವಾಕ್ಯದಲ್ಲೇ ಎಡವಿರುತ್ತಾರೆ.

ಹಾಗಾದರೆ ಆ ಇನ್ನೊಂದು ಚೀ ಏನು? ಅದರ ಹಳೆಯ ಅಕ್ಷರದಲ್ಲಿ ಮೇಲೆ ಆವಿ, ಕೆಳಗೆ ಅಕ್ಕಿ. ಉಸಿರು, ಗಾಳಿ, ಆವಿ ಎಲ್ಲವೂ ಚೀ. ಚೀನೀಯರು ಹವಾಮಾನಕ್ಕೂ ಚೀ ಸೇರಿಸುತ್ತಾರೆ, ಸಿಟ್ಟು ಬಂತು ಅನ್ನೋದಕ್ಕೂ ಚೀ ಸೇರಿಸುತ್ತಾರೆ. ನಮ್ಮಲ್ಲಿ 'ದಮ್ಮು' ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ. 'ದಮ್ಮಿದ್ದರೆ ಬಾ' ಅಂತ ಸವಾಲು ಹಾಕುತ್ತೇವೆ. ಕುಸ್ತಿ ನೋಡಿ 'ಎಂಥಾ ದಮ್ಮು ಮಾರಾಯ' ಅನ್ನುತ್ತೇವೆ. ದಮ್ಮು ಇದೆಯಾ ಅಂತ ಕೇಳಿದರೆ ಇದೆ. ಎಕ್ಸ್‌ರೇಯಲ್ಲಿ ತೋರಿಸಿ ಅಂದರೆ ಆಗಲ್ಲ. ಅದು ಒಂದು ವಸ್ತುವಿನ ಹೆಸರಲ್ಲ, ಶ್ವಾಸಕೋಶ, ಸ್ನಾಯು, ಧೈರ್ಯ, ಅಭ್ಯಾಸ ಎಲ್ಲವನ್ನೂ ಸೇರಿಸಿ ಕಟ್ಟಿದ ಒಂದು ಗಂಟಿನ ಹೆಸರು. ಚೀ ಕೂಡ ಹಾಗೆ ಬಳಕೆಯಾದಾಗ ನನಗೆ ತಕರಾರಿಲ್ಲ. 'ಚೀ ಅನ್ನು ಕೆಳಗೆ ಇಳಿಸು' ಅಂತ ನನ್ನ ಗುರುಗಳು ಹೇಳಿದಾಗ ನಾನು ಭುಜ ಬಿಡುತ್ತೇನೆ, ಉಸಿರು ಹೊಟ್ಟೆಗೆ ಇಳಿಯುತ್ತದೆ, ತೂಕ ಪಾದಕ್ಕೆ ಬರುತ್ತದೆ. ಐದು ಸೂಚನೆ ಕೊಡುವ ಬದಲು ಒಂದೇ ಮಾತಿನಲ್ಲಿ ಕೆಲಸ ಆಯಿತು. ಆ ಗಂಟನ್ನೇ ಕರೆಂಟಿನ ಥರ ಬೆರಳಿಂದ ಹೊರಗೆ ಹಾರಿ ಎದುರಿನವನನ್ನು ಕೆಡವುವ ವಸ್ತು ಅಂತ ಮಾರಲು ಹೊರಟಾಗ ತಕರಾರು ಶುರು.

ಇನ್ನೊಂದು ಪದ ಇದೆ. ನಿಮ್ಮ ತರಗತಿಯಲ್ಲಿ ಅದು ಕಿವಿಗೆ ಬಿದ್ದಿರುವುದೇ ಅನುಮಾನ. 'ಜಿನ್.' ಇಡೀ ವಿದ್ಯೆ ನಿಂತಿರುವುದು ಚೀ ಮೇಲಲ್ಲ, ಇದರ ಮೇಲೆ. ಚೀನೀಯರು 'ಲೀ' ಮತ್ತು 'ಜಿನ್' ಅಂತ ಎರಡು ಥರದ ಬಲ ಹೇಳುತ್ತಾರೆ. ಲೀ ಅಂದರೆ ಹುಟ್ಟಾ ಇರುವ ಒರಟು ಬಲ. ಜಿನ್ ಅಂದರೆ ಪಳಗಿಸಿದ ಬಲ, ಹದ ಬಂದ ಬಲ. ಹಳ್ಳಿಯಲ್ಲಿ ಅಜ್ಜಿಯರು ತುಂಬಿದ ಕೊಡ ಎತ್ತಿ ಸೊಂಟಕ್ಕೆ ಏರಿಸುವುದನ್ನು ನೋಡಿದ್ದೀರಾ? ಜಿಮ್ಮಿಗೆ ಹೋಗುವ ಹುಡುಗ ಅದೇ ಕೊಡವನ್ನು ತೋಳಿನಲ್ಲಿ ಎತ್ತಲು ಹೋಗಿ ಅರ್ಧ ನೀರು ಚೆಲ್ಲುತ್ತಾನೆ. ಅಜ್ಜಿ ಮಂಡಿ ಬಗ್ಗಿಸಿ, ತೊಡೆಯಿಂದ ಒಂದು ಸಣ್ಣ ತಳ್ಳು ಕೊಟ್ಟು, ಕೊಡ ತಾನೇ ಮೇಲೆ ಬರುವ ಹೊತ್ತಿಗೆ ಸೊಂಟ ಅಡ್ಡ ತರುತ್ತಾಳೆ. ತೋಳು ಬರೀ ದಾರಿ ತೋರಿಸುತ್ತದೆ. ಅಗಸರು ಬಟ್ಟೆ ಒಗೆಯುವುದೂ ಹಾಗೇ. ಬೀಸು ಹುಟ್ಟುವುದು ಹಿಮ್ಮಡಿಯಲ್ಲಿ, ಸದ್ದು ಬರುವುದು ಕಲ್ಲಿನ ಮೇಲೆ. ಪಾದ ನೆಲ ಒತ್ತುತ್ತದೆ, ಆ ಬಲ ಕಾಲು, ಸೊಂಟ, ಬೆನ್ನು, ಭುಜ ದಾಟಿ ಕೈಗೆ ಬರುತ್ತದೆ. ದಾರಿಯಲ್ಲಿ ಎಲ್ಲಾದರೂ ಒಂದು ಕೀಲು ಬಿಗಿಯಾಗಿದ್ದರೆ ಅಲ್ಲೇ ಸೋರಿಹೋಗುತ್ತದೆ. 'ಸೋಂಗ್', ಅಂದರೆ ಸಡಿಲ, ಅಂತ ತೈಚಿ ಗುರುಗಳು ದಿನಕ್ಕೆ ನೂರು ಸಲ ಬಡಿದುಕೊಳ್ಳುವುದು ಈ ಸೋರಿಕೆ ನಿಲ್ಲಿಸಲಿಕ್ಕೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ಹೆನಾನ್ ಪ್ರಾಂತ್ಯದ ವೆನ್ ತಾಲ್ಲೂಕಿನಲ್ಲಿ ಚೆನ್‌ಜ್ಯಾಗೋ ಅಂತ ಒಂದು ಹಳ್ಳಿ. ತೈಚಿ ಹುಟ್ಟಿದ ಊರು. ಹಳದಿ ನದಿಯ ಬಯಲು, ಸುತ್ತ ಮೆಕ್ಕೆಜೋಳ, ಗೆಣಸಿನ ಜಾತಿಯ ಒಂದು ಉದ್ದನೆಯ ಗಡ್ಡೆಗೆ ಹೆಸರುವಾಸಿ. ಅಲ್ಲಿ ಒಂದು ಶರತ್ಕಾಲದಲ್ಲಿ ಆರು ವಾರ ಇದ್ದೆ. ಪಕ್ಕದ ಮನೆಯ ಅಜ್ಜ ಎಪ್ಪತ್ತರ ಹತ್ತಿರದವರು. ಅಂಗಳದಲ್ಲಿ ಜೋಳ ಹರಡುತ್ತಿದ್ದವರು ಪೊರಕೆ ಬದಿಗಿಟ್ಟು, ನನ್ನ ಎರಡೂ ಕೈಯನ್ನು ತಮ್ಮ ಎದೆಗೆ ಇಟ್ಟುಕೊಂಡು 'ತಳ್ಳು' ಅಂತ ಸನ್ನೆ ಮಾಡಿದರು. ತಳ್ಳಿದೆ. ಯಾರೋ ಒಳಗಿನಿಂದ ಬಾಗಿಲು ತೆಗೆದಂತಾಯಿತು. ಒತ್ತಲು ಅಲ್ಲಿ ಏನೂ ಇರಲಿಲ್ಲ. ಮುಗ್ಗರಿಸಿ, ಬೀಳದಿರಲು ನಾನು ಹಿಂದಕ್ಕೆ ಎಳೆದುಕೊಂಡೆ. ಅದೇ ಕ್ಷಣ ಅವರ ಸೊಂಟ ಒಂದು ಅಂಗುಲ ತಿರುಗಿತು. ನಾನು ಜೋಳದ ರಾಶಿ ಮೇಲೆ ಕೂತಿದ್ದೆ. ಅವರು ನಗುತ್ತಾ ನನ್ನ ಬಲ ಭುಜಕ್ಕೆ ಬೆರಳಿಂದ ಚುಚ್ಚಿ 'ಸೋಂಗ್, ಸೋಂಗ್' ಅಂದರು. ಮೂಳೆ ನೋಯುವಷ್ಟು ಚುಚ್ಚಿದರು. ಮತ್ತೆ ಪೊರಕೆ ಹಿಡಿದರು.

ಅಲ್ಲಿ ಆದದ್ದೇನು? ಅವರು ನನ್ನನ್ನು ಎತ್ತಿ ಎಸೆಯಲಿಲ್ಲ. ನನ್ನ ಅಂಗೈ ಮೂಲಕ ನನ್ನ ತೂಕ ಎಲ್ಲಿದೆ ಅಂತ ಓದಿದರು. ನಾನೇ ಹಿಂದಕ್ಕೆ ಹೋಗುತ್ತಿದ್ದಾಗ ಆ ದಿಕ್ಕಿಗೇ ಚೂರು ಸೇರಿಸಿದರು. 'ನಾಲ್ಕು ಲ್ಯಾಂಗ್‌ನಲ್ಲಿ ಸಾವಿರ ಜಿನ್ ತೂಕ ಸರಿಸುವುದು' ಅಂತ ತೈಚಿಯವರು ಹೇಳುವ ಹಳೆಯ ಮಾತು ಇದೇ. ನಮ್ಮ ಲೆಕ್ಕದಲ್ಲಿ ಛಟಾಕಿನಲ್ಲಿ ಮಣ ಸರಿಸಿದ ಹಾಗೆ. (ಈ ತೂಕದ ಜಿನ್ ಬೇರೆ, ಬಲದ ಜಿನ್ ಬೇರೆ. ಚೀನೀ ಭಾಷೆ ನಮ್ಮನ್ನು ಹೀಗೇ ಆಡಿಸುತ್ತದೆ.) ಇದು ಮುಟ್ಟಿ ಮಾಡುವ ವಿದ್ಯೆ. ಮುಟ್ಟದಿದ್ದರೆ ಓದಲು ಅಕ್ಷರವೇ ಇಲ್ಲ.

ಮನೆಯಲ್ಲೇ ಇದರ ರುಚಿ ನೋಡಬಹುದು. ಗೋಡೆಗೆ ಮುಖ ಮಾಡಿ, ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು, ಅಂಗೈ ಊರಿ ತಳ್ಳಿ. ಭುಜ ಕಿವಿಯ ಕಡೆ ಏರುತ್ತದೆ, ಸೊಂಟ ಮುಂದೆ ಬಾಗುತ್ತದೆ, ಹಿಂದಿನ ಹಿಮ್ಮಡಿ ಹಗುರವಾಗುತ್ತದೆ. ಅದು ಲೀ. ಈಗ ಉಸಿರು ಬಿಡುತ್ತಾ ಭುಜ ಇಳಿಸಿ, ಮೊಣಕೈ ನೆಲದ ಕಡೆ ಬಿಡಿ, ಕೆಳಬೆನ್ನಿನ ಗುಳಿ ಸ್ವಲ್ಪ ತುಂಬಿಕೊಳ್ಳಲಿ. ಕೈಯಿಂದ ತಳ್ಳಬೇಡಿ, ಹಿಂದಿನ ಹಿಮ್ಮಡಿಯಿಂದ ನೆಲ ತಳ್ಳಿ. ಗೋಡೆಯ ಮೇಲಿನ ಒತ್ತಡ ಹೆಚ್ಚಾಗುತ್ತದೆ, ತೋಳಿಗೆ ಮಾತ್ರ ಕೆಲಸವೇ ಇಲ್ಲ ಅನ್ನಿಸುತ್ತದೆ. ನಾಲ್ಕು ವರ್ಷ ಅಭ್ಯಾಸ ಮಾಡಿದ ನಿಮಗೆ ಇದು ಬಹುಶಃ ಎರಡನೇ ಸಲಕ್ಕೇ ಸಿಗುತ್ತದೆ. ಸಿಕ್ಕರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಸಿಕ್ಕಿತು, ಅಲ್ವಾ?

ಇನ್ನು ಅಂಗೈ ಬಿಸಿ, ಜುಮುಜುಮು. ಅನುಭವ ಸುಳ್ಳಲ್ಲ, ಅದಕ್ಕೆ ಕೊಟ್ಟ ವಿವರಣೆ ಜಾಸ್ತಿಯಾಯಿತು. ನಿಧಾನ ಉಸಿರಾಡುತ್ತಾ ಮೈ ಸಡಿಲ ಬಿಟ್ಟಾಗ ಕೈಯ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ, ಬಿಸಿ ರಕ್ತ ಹೆಚ್ಚು ಬರುತ್ತದೆ, ಅಂಗೈ ಬೆಚ್ಚಗಾಗುತ್ತದೆ. ಮೈ ನಿರಾಳವಾಗಿದೆ ಅನ್ನೋದಕ್ಕೆ ಒಳ್ಳೆಯ ಗುರುತು, ಅಷ್ಟೇ. ಜುಮುಜುಮುಗೆ ಎರಡು ಮೂರು ಕಾರಣ ಇರಬಹುದು. ಗೊತ್ತಿಲ್ಲದೇ ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮುಗುಡುತ್ತವೆ, ತಲೆ ಹಗುರವಾಗುತ್ತದೆ. ಕೈಯನ್ನು 40 ನಿಮಿಷ ಎತ್ತಿ ಹಿಡಿದರೆ ಭುಜ, ಕುತ್ತಿಗೆ ಬಿಗಿದು ನರಕ್ಕೆ ಒತ್ತಡ ಬಿದ್ದರೂ ಹೀಗೇ ಆಗುತ್ತದೆ. ದಿನಾ ಎಂಟು ಗಂಟೆ ಕೀಬೋರ್ಡ್ ಕುಟ್ಟುವವರಿಗೆ ಇದು ಇನ್ನೂ ಬೇಗ. ತೊಡೆ ನಡುಗುವುದಂತೂ ದಣಿದ ಸ್ನಾಯುವಿನ ನಡುಕ. ಚೀ ಹರಿಯುತ್ತಿದೆ ಅಂತ ಖುಷಿಪಡುತ್ತಾ ಆರು ತಿಂಗಳು ಬೆರಳು ಮರಗಟ್ಟಿಸಿಕೊಂಡು ಕೊನೆಗೆ ನನ್ನ ಬಳಿ ಬಂದವರಿದ್ದಾರೆ. ನಿಂತಾಗ ಮಾತ್ರ ಜುಮುಜುಮು ಬಂದು ಎರಡು ನಿಮಿಷದಲ್ಲಿ ಹೋದರೆ ಚಿಂತೆಯಿಲ್ಲ. ರಾತ್ರಿ ನಿದ್ದೆಯಲ್ಲಿ ಎಬ್ಬಿಸುವಷ್ಟಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಡಾಕ್ಟರ್‌ಗೆ ತೋರಿಸಿ.

ಮುಟ್ಟದೇ ಬೀಳಿಸುವುದಕ್ಕೆ ಬರೋಣ. ನಿಮ್ಮ ಹಿರಿಯ ವಿದ್ಯಾರ್ಥಿಗಳು ನಾಟಕ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಹೆಚ್ಚಿನವರು ಪ್ರಾಮಾಣಿಕರೇ ಇರುತ್ತಾರೆ. ಮೊದಲು ಮುಟ್ಟಿಯೇ ಶುರುವಾಗುತ್ತದೆ. ಗುರು ತಳ್ಳುತ್ತಾರೆ, ಶಿಷ್ಯ ಗಟ್ಟಿಯಾಗಿ ನಿಂತರೆ ಪೆಟ್ಟು ಬೀಳುತ್ತದೆ. ಅದಕ್ಕೇ ತಳ್ಳಿದ ತಕ್ಷಣ ಹಿಂದಕ್ಕೆ ಜಿಗಿಯುವುದನ್ನು ಮೈ ಕಲಿಯುತ್ತದೆ. ಹಾಗೆ ನಾಲ್ಕಡಿ ಹಿಂದೆ ಹಾರುವುದು ಗುರುವಿನ ಬಲದಿಂದಲ್ಲ, ಶಿಷ್ಯನ ಕಾಲಿನ ಬಲದಿಂದ. ದಿನ ಕಳೆದಂತೆ ಗುರುವಿನ ಕೈ ಮುಟ್ಟುವ ಮೊದಲೇ ಜಿಗಿತ ಬರುತ್ತದೆ. ಆಮೇಲೆ ಒಂದಡಿ ದೂರದಿಂದ. ಆಮೇಲೆ ಕೋಣೆಯ ಆ ಮೂಲೆಯಿಂದ. ಸುತ್ತ ಹತ್ತು ಜನ ನೋಡುತ್ತಿರುವಾಗ ಬೀಳದೇ ನಿಲ್ಲುವುದಕ್ಕಿಂತ ಬೀಳುವುದೇ ಸುಲಭ. ಗುರುವಿಗೂ ತಾನೇ ಬೀಳಿಸುತ್ತಿದ್ದೇನೆ ಅನ್ನುವ ನಂಬಿಕೆ ಬಂದುಬಿಡುತ್ತದೆ. ಅಪಾಯ ಇರುವುದು ಅಲ್ಲೇ.

ನೀವು ಬೀಳಲಿಲ್ಲ. ಅಂದರೆ ಆ ಕೋಣೆಯಲ್ಲಿ ಒಂದು ಪರೀಕ್ಷೆ ನಡೆಯಿತು, ನೀವು ಫಲಿತಾಂಶ ಸರಿಯಾಗಿ ಕೊಟ್ಟಿರಿ. 'ನಿನ್ನ ನಾಡಿ ಮುಚ್ಚಿದೆ' ಅನ್ನುವ ಉತ್ತರದ ಜಾಣತನ ನೋಡಿ: ಬಿದ್ದರೆ ಗುರುವಿನ ಶಕ್ತಿ, ಬೀಳದಿದ್ದರೆ ಶಿಷ್ಯನ ದೋಷ. ಬೀದಿಯಲ್ಲಿ ಮೇಲೆ ಬೀಳುವವನ ನಾಡಿ ತೆರೆದಿರಲಿ ಅಂತ ಒಂದು ವರ್ಷದ ಕೋರ್ಸ್ ಕೊಡಿಸಲು ಆಗುತ್ತದೆಯೇ?

ನೀವು ನೋಡಿದ ವಿಡಿಯೊ ಬಹುಶಃ 2017ರ ಏಪ್ರಿಲ್‌ನದು. ಚೆಂಗ್ಡೂ ನಗರದಲ್ಲಿ ಮಿಶ್ರ ಸಮರಕಲೆಯ ಶು ಶ್ಯಾವ್‌ದೋಂಗ್ ಎಂಬಾತ ವೇಯ್ ಲೇಯ್ ಎಂಬ ತೈಚಿ ಗುರುವನ್ನು ಇಪ್ಪತ್ತು ಸೆಕೆಂಡಿನೊಳಗೆ ನೆಲಕ್ಕೆ ಕೆಡವಿದ. ಆ ಗುರು ಅದಕ್ಕೂ ಮುಂಚೆ ಟಿವಿಯಲ್ಲಿ ಕಲ್ಲಂಗಡಿಯ ಸಿಪ್ಪೆಗೆ ಏನೂ ಆಗದಂತೆ ಒಳಗಿನ ತಿರುಳು ಪುಡಿಮಾಡಿದೆ ಅಂತ ತೋರಿಸಿದ್ದವರು. ಇನ್ನೊಂದು 2020ರ ಮೇ ತಿಂಗಳದು: 69 ವರ್ಷದ ತೈಚಿ ಗುರು ಮಾ ಬಾವ್‌ಗ್ವೋ, ಐವತ್ತು ವರ್ಷದ ಹವ್ಯಾಸಿಯೊಬ್ಬನ ಎದುರು ಅರ್ಧ ನಿಮಿಷದಲ್ಲಿ ಮೂರು ಸಲ ಬಿದ್ದರು. ಅದಾದ ಮೇಲೆ ಚೀನಾದ ವುಶು, ಅಂದರೆ ಸಮರಕಲೆಯ, ಸಂಘವೇ 'ಮಹಾಗುರು' ಅಂತ ಬಿರುದು ಕಟ್ಟಿಕೊಂಡು ತಿರುಗಬೇಡಿ ಎಂದು ಕರೆಕೊಟ್ಟಿತು. ಈ ಸೋಲುಗಳಿಗೆ ಚೀ ಕಾರಣ ಅಲ್ಲ. ಹೊಡೆಯಲು ಬರುವವನ ಎದುರು ಅವರು ಎಂದೂ ನಿಂತೇ ಇರಲಿಲ್ಲ. ಈಜುವುದನ್ನು ದಡದಲ್ಲಿ ಕಲಿತವರ ಹಾಗೆ.

ನನಗೆ ಇವೆರಡಕ್ಕಿಂತ ಇಷ್ಟವಾದದ್ದು 1954ರ ಜನವರಿ 17ರ ಪಂದ್ಯ. ಮಕಾವ್‌ನಲ್ಲಿ, ಹಾಂಗ್‌ಕಾಂಗಿನಲ್ಲಿ ಬೆಂಕಿಗೆ ಮನೆ ಕಳೆದುಕೊಂಡವರ ನೆರವಿಗೆ ಹಣ ಎತ್ತಲು ನಡೆಯಿತು. ತೈಚಿಯ ವೂ ಗೋಂಗ್‌ಯೀ, ಐವತ್ತು ದಾಟಿದವರು. ಎದುರಿಗೆ ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್‌ಫೂ, ಮೂವತ್ತರ ಪ್ರಾಯ. ಅದರ ಚಲನಚಿತ್ರ ಉಳಿದಿದೆ. ಯಾರೂ ಗಾಳಿಯಲ್ಲಿ ಹಾರುವುದಿಲ್ಲ. ಇಬ್ಬರೂ ಅಡ್ಡಾದಿಡ್ಡಿ ಕೈ ಬೀಸುತ್ತಾರೆ, ಮೂಗಲ್ಲಿ ರಕ್ತ, ಎರಡು ಸುತ್ತಿಗೆ ನಿಲ್ಲಿಸಿ ಗೆಲುವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಅಂತ ತೀರ್ಪು. ತಮಾಷೆ ಆಮೇಲಿನದು. ಆ ಪಂದ್ಯದ ಗುಲ್ಲು ಇನ್ನೂ ಇರುವಾಗಲೇ, ಮೂರು ದಿನದಲ್ಲಿ, ಹಾಂಗ್‌ಕಾಂಗಿನ ಪತ್ರಿಕೆಯೊಂದು ಕತ್ತಿವೀರರ ಧಾರಾವಾಹಿ ಶುರುಮಾಡಿತು. ಹಿಂದೆಯೇ ಅಂಥವು ಸಾಲುಸಾಲಾಗಿ ಬಂದವು. ಅಂಗೈಯಿಂದ ಚೀ ಚಿಮ್ಮಿಸಿ ಬಂಡೆ ಒಡೆಯುವ ವೀರರು ಜನರ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಆ ಕಾದಂಬರಿಗಳಿಂದ, ಅವನ್ನು ನೋಡಿ ತೆಗೆದ ಸಿನಿಮಾಗಳಿಂದ. ಪಂದ್ಯದಲ್ಲಿ ಆದದ್ದು ಮೂಗಿನ ರಕ್ತ ಮಾತ್ರ.

ತೈಚಿಯಂಥ ವಿದ್ಯೆಗಳನ್ನು 'ಒಳಶೈಲಿ' ಅಂತ ಬೇರೆ ಮಾಡುವ ವಿಂಗಡಣೆಯೂ ಅಂದುಕೊಂಡಷ್ಟು ಪುರಾತನವಲ್ಲ. 1669ರಲ್ಲಿ ಹ್ವಾಂಗ್ ಝೋಂಗ್‌ಶಿ ಎಂಬ ವಿದ್ವಾಂಸರು ಒಬ್ಬ ಯೋಧನ ಸಮಾಧಿಗೆ ಬರೆದ ಬರಹದಲ್ಲಿ ಶಾವೋಲಿನ್ ಮಠದ ಶೈಲಿಗೆ ಎದುರಾಗಿ 'ಒಳಮನೆ' ಶೈಲಿಯ ಮಾತು ಬರುತ್ತದೆ. ಅದು ತೈಚಿಯ ಬಗ್ಗೆ ಅಲ್ಲವೇ ಅಲ್ಲ. ತೈಚಿ, ಶಿಂಗ್‌ಯೀ, ಬಾಗ್ವಾ ಎಂಬ ಮೂರು ಸಮರಕಲೆಗಳನ್ನೂ ಒಂದೇ ಗುಂಪಿಗೆ ಸೇರಿಸಿ ಒಳಶೈಲಿ ಅಂತ ಹೆಸರು ನಿಲ್ಲಿಸಿದವರಲ್ಲಿ ಮುಖ್ಯರು ಸುನ್ ಲೂತಾಂಗ್, ಅದೂ 20ನೇ ಶತಮಾನದಲ್ಲಿ. ತಾವೋ ಸನ್ಯಾಸಿ ಝಾಂಗ್ ಸಾನ್‌ಫೆಂಗ್ ತೈಚಿ ಕಂಡುಹಿಡಿದ ಅನ್ನುವ ಕಥೆಯನ್ನು ತಾಂಗ್ ಹಾವ್ ಎಂಬ ಇತಿಹಾಸಕಾರರು 1930ರ ದಶಕದಲ್ಲೇ ಚೆನ್‌ಜ್ಯಾಗೋಗೆ ಹೋಗಿ ದಾಖಲೆ ತಡಕಿ ಬಿಡಿಸಿಟ್ಟರು.

ನಮ್ಮ ಕಡೆಯ ಒಂದು ನಂಬಿಕೆಗೂ ಅವರೇ ಕೊಡಲಿ ಹಾಕಿದರು ಅನ್ನಿ. ದಕ್ಷಿಣ ಭಾರತದ ಬೋಧಿಧರ್ಮ ಶಾವೋಲಿನ್‌ಗೆ ಹೋಗಿ ಸಮರವಿದ್ಯೆ ಕಲಿಸಿದ ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವಲ್ಲ? ಅದರ ಬೇರು 'ಯೀಜಿನ್ ಜಿಂಗ್' ಎಂಬ ಪುಸ್ತಕದ ಮುನ್ನುಡಿ. ಪುಸ್ತಕ 1624ರ ಸುಮಾರಿನದು, ಮುನ್ನುಡಿ ಮಾತ್ರ ಸಾವಿರ ವರ್ಷ ಹಳೆಯದು ಅಂತ ಹಾಕಿಕೊಂಡಿದೆ. ಬೋಧಿಧರ್ಮ ಧ್ಯಾನದ ಗುರು. ಅಷ್ಟು ಸಾಲದೇ?

ಚೀಗೋಂಗ್ ಎಂದು ಇವತ್ತು ಎಲ್ಲರೂ ಕರೆಯುವ ಉಸಿರಾಟದ ಅಭ್ಯಾಸಗಳಿಗೆ ಆ ಒಂದೇ ಹೆಸರು ನಿಂತದ್ದು 1950ರ ದಶಕದಲ್ಲಿ, ಲ್ಯೂ ಗ್ವೇಝೆನ್ ಎಂಬವರ ಚಿಕಿತ್ಸಾಲಯದ ಕೆಲಸದ ನಂತರ. 1980ರ ದಶಕದಲ್ಲಿ ಅದಕ್ಕೆ ಚೀನಾದಲ್ಲಿ ಜ್ವರವೇ ಬಂತು. ದೂರದಿಂದ ಚೀ ಕಳಿಸಿ ರೋಗ ವಾಸಿಮಾಡುತ್ತೇವೆ ಎನ್ನುವವರ ಸಭೆಗಳಿಗೆ ಕ್ರೀಡಾಂಗಣ ತುಂಬುತ್ತಿತ್ತು. ಅದೇ ಕಾಲದಲ್ಲಿ ಅಲ್ಲಿನ ಮಾನಸಿಕ ವೈದ್ಯರ ಬಳಿ ಇನ್ನೊಂದು ಥರದ ಜನವೂ ಬರತೊಡಗಿದರು: ಅತಿಯಾಗಿ ಅಭ್ಯಾಸ ಮಾಡಿ ನಿದ್ದೆಗೆಟ್ಟವರು, ಮೈಯೊಳಗೆ ಏನೋ ಓಡುತ್ತಿದೆ, ನಿಲ್ಲುತ್ತಿಲ್ಲ ಅನ್ನುವವರು, ದನಿ ಕೇಳಿಸಿಕೊಳ್ಳುವವರು. 1994ರ ಅಮೆರಿಕದ ಮಾನಸಿಕ ರೋಗಗಳ ಕೈಪಿಡಿಯಲ್ಲೂ ಅದಕ್ಕೊಂದು ಹೆಸರು ಸೇರಿತು. ಹೆದರಿಸಲು ಹೇಳುತ್ತಿಲ್ಲ, ಸಾಮಾನ್ಯ ಅಭ್ಯಾಸದಲ್ಲಿ ಇದು ಅಪರೂಪ. ಮನೆಯಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ, ಅಥವಾ ನಿಮಗೇ ನಿದ್ದೆ ಹಾಳಾಗುತ್ತಿದ್ದರೆ, ಗಂಟೆಗಟ್ಟಲೆ ಒಳಗೇ ಗಮನ ಇಡುವ ಅಭ್ಯಾಸ ಬೇಡ.

ಹಾಗಾದರೆ ಪರಿಣತಿ ಬರುವುದು ಹೇಗೆ? ಚೆನ್ ಮನೆತನದವರು ಚೆನ್ ಫಾಕೆ (1887–1957) ಬಗ್ಗೆ ಹೇಳುವ ಕಥೆ ಕೇಳಿ. ಹುಡುಗನಾಗಿದ್ದಾಗ ಕಾಯಿಲೆಯವನು, ಸೋಮಾರಿ. ಈ ಮನೆಯ ವಿದ್ಯೆ ಇವನ ಕಾಲಕ್ಕೆ ಮುಗಿಯಿತು ಅಂತ ಹಿರಿಯರು ಅಂದದ್ದು ಕಿವಿಗೆ ಬಿತ್ತು. ಅಪ್ಪ ಪರಊರಿನಲ್ಲಿ ಕಲಿಸಲು ಹೋಗಿದ್ದರು. ದೊಡ್ಡಪ್ಪನ ಮಗ ಗಟ್ಟಿಗ. ಅವನನ್ನು ಹಿಂದೆ ಹಾಕುವುದು ಹೇಗೆ ಅಂತ ತಲೆಕೆಡಿಸಿಕೊಂಡಿದ್ದಾಗ, ಒಮ್ಮೆ ಹೊಲಕ್ಕೆ ಹೋಗುವ ದಾರಿಯಲ್ಲಿ ಆ ಅಣ್ಣನೇ ಏನೋ ಮರೆತೆ, ಓಡಿಹೋಗಿ ತಾ, ನಾನು ನಿಧಾನ ನಡೆಯುತ್ತಿರುತ್ತೇನೆ, ಬಂದು ಕೂಡಿಕೋ ಅಂದ. ಓಡಿ ಬಂದು ಕೂಡಿಕೊಂಡಾಗ ಹುಡುಗನಿಗೆ ಹೊಳೆಯಿತು: ಅಣ್ಣನ ಒಂದಕ್ಕೆ ನಾನು ಮೂರು ಮಾಡಿದರೆ ಕೂಡಿಕೊಳ್ಳಬಹುದು! ಎಲ್ಲರೂ ಮಧ್ಯಾಹ್ನ ಮಲಗಿದಾಗ ಅಭ್ಯಾಸ. ಮೂರು ವರ್ಷದಲ್ಲಿ ಅಣ್ಣನನ್ನು ಕೆಡವಿದ. ಅಪ್ಪ ಗುಟ್ಟಾಗಿ ಏನೋ ಹೇಳಿಕೊಟ್ಟಿರಬೇಕು ಅಂತ ಅಣ್ಣನಿಗೆ ಅನುಮಾನ, ಅಪ್ಪನೋ ಊರಲ್ಲೇ ಇರಲಿಲ್ಲ. ದೊಡ್ಡವರಾದ ಮೇಲೂ ದಿನಕ್ಕೆ ಪಟ್ಟುಗಳ ಇಡೀ ಸರಣಿಯನ್ನು ಮೂವತ್ತು ಸಲ ಮಾಡುತ್ತಿದ್ದರಂತೆ, ಬಾಗುವ ಉದ್ದನೆಯ ಕೋಲನ್ನು ಮುನ್ನೂರು ಸಲ ಅದುರಿಸುತ್ತಿದ್ದರಂತೆ. ಒಂದು ಸಲಕ್ಕೆ ಹತ್ತು ನಿಮಿಷ ಅಂದುಕೊಂಡರೂ ಐದು ಗಂಟೆ. 'ಕುಂಗ್ ಫೂ' ಅನ್ನುವ ಪದದ ಅರ್ಥವೇ ಹೊಡೆದಾಟ ಅಲ್ಲ, ಹೊತ್ತು ಹಾಕಿ ದುಡಿದು ಬಂದ ಹದ. ಒಳ್ಳೆಯ ಅಡುಗೆಯವರಿಗೂ ಆ ಮಾತು ಸಲ್ಲುತ್ತದೆ.

80,000 ರೂಪಾಯಿಯ ಒಳಶಿಷ್ಯ ಕೋರ್ಸ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟರಲ್ಲಿ ಗೊತ್ತಾಗಿರಬೇಕು. ಚೀನಾದಲ್ಲಿ ಒಳಶಿಷ್ಯ ಅನ್ನುವ ಪದ್ಧತಿ ನಿಜವಾಗಿಯೂ ಇದೆ. ಮಂಡಿಯೂರಿ, ಚಹಾ ಕೊಟ್ಟು, ಕೆಂಪು ಲಕೋಟೆಯಲ್ಲಿ ಕಾಣಿಕೆ ಇಟ್ಟು ಗುರುವಿನ ಮನೆಯವರಾಗುತ್ತಾರೆ. ವರ್ಷಗಟ್ಟಲೆ ನೋಡಿ ಗುರು ಒಪ್ಪಿಕೊಳ್ಳುವ ಸಂಬಂಧ ಅದು. ಬೀಳದವರಿಗೆ ಪರಿಹಾರ ಅಂತ ಮಾರುವ ಪ್ಯಾಕೇಜ್ ಅಲ್ಲ.

ತರಗತಿ ಬಿಟ್ಟೇ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಬೆನ್ನುನೋವು ಹೋಗಿದೆ, ಗೆಳೆಯರಿದ್ದಾರೆ, ಬೆಳಗಿನ ಒಂದು ಗಂಟೆ ನೆಮ್ಮದಿ ಇದೆ ಅಂದರೆ, ಸಾಮಾನ್ಯ ಶುಲ್ಕ ಕಟ್ಟಿ ಮುಂದುವರಿಯಬಹುದು. ಆರೋಗ್ಯದ ಮಟ್ಟಿಗೆ ತೈಚಿಗೆ ಒಳ್ಳೆಯ ಆಧಾರ ಇದೆ. 2012ರಲ್ಲಿ ಪಾರ್ಕಿನ್ಸನ್ ಇರುವ 195 ಜನರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ವಾರಕ್ಕೆರಡು ತರಗತಿ, ಆರು ತಿಂಗಳಿನಲ್ಲಿ, ತೈಚಿ ಗುಂಪಿನವರ ಸಮತೋಲನ ಬೇರೆ ವ್ಯಾಯಾಮ ಮಾಡಿದ ಉಳಿದೆರಡು ಗುಂಪಿಗಿಂತ ಚೆನ್ನಾಗಿ ಸುಧಾರಿಸಿತು. 2016ರಲ್ಲಿ ಮಂಡಿ ಸವೆತದ 204 ಜನರಲ್ಲಿ ತೈಚಿ ನಮ್ಮ ಫಿಸಿಯೋಥೆರಪಿಯಷ್ಟೇ ಫಲ ಕೊಟ್ಟಿತು. ನನ್ನ ಹೊಟ್ಟೆಪಾಡಿಗೆ ಇದು ಒಳ್ಳೆಯ ಸುದ್ದಿಯಲ್ಲ, ಆದರೂ ಹೇಳಬೇಕು. ಅಲ್ಲೇ ಉಳಿಯುವುದರ ಅಪಾಯ ಅಂದರೆ ಬೀಳುವ ಅಭ್ಯಾಸ. ಇನ್ನೆರಡು ವರ್ಷದಲ್ಲಿ ನೀವೂ ಬೀಳತೊಡಗಿದರೆ ನನಗೆ ಆಶ್ಚರ್ಯವಾಗದು.

ವಿದ್ಯೆ ಬೇಕು ಅಂದರೆ ಕೈ ಕೂಡಿಸಿ ಆಡುವ ಕಡೆ ಹೋಗಿ. 'ತ್ವೇ ಶೋ', ಅಂದರೆ ಕೈ ತಳ್ಳಾಟ, ಪ್ರತಿ ವಾರ ಮಾಡಿಸುವ ಗುರು ಹುಡುಕಿ. ನಿಮ್ಮ ಗುರುವನ್ನು ಗುರು ಅಂತ ಒಪ್ಪದವರ ಜೊತೆ ತಳ್ಳಾಡಿ. ಜೂಡೋ ಕ್ಲಬ್ಬಿನವರು, ಗರಡಿಯಲ್ಲಿ ಸಾಮು ಮಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರಿಗೆ ನಿಮ್ಮ ಚೀ ಬಗ್ಗೆ ಮರ್ಯಾದೆ ಇರುವುದಿಲ್ಲ, ಮೈ ಮಾತ್ರ ಓದಲು ಬರುತ್ತದೆ. ಮೊದಲ ಎರಡು ತಿಂಗಳು ನೀವು ಬರೀ ಬೀಳುತ್ತೀರಿ. ಅದು ನಿಜವಾದ ಬೀಳುವುದು, ಬೇಜಾರಾಗಬೇಡಿ. ಬೀಳುವ ವರಸೆ ಕಲಿಯದೇ ಎಸೆತಕ್ಕೆ ಹೋಗಬೇಡಿ, 36ರ ಮೂಳೆ ಹದಿನಾರರದಲ್ಲ.

ಕೋರ್ಸಿಗೆ ಹಣ ಕಟ್ಟುವ ಮನಸ್ಸು ಇನ್ನೂ ಇದ್ದರೆ ಒಂದು ಕೆಲಸ ಮಾಡಿ. ಮಾಸ್ಟರ್ ಬಳಿ ವಿನಯವಾಗಿ ಕೇಳಿ: ತರಗತಿಗೆ ಎಂದೂ ಬಾರದ ನನ್ನ ತಮ್ಮನನ್ನು ಭಾನುವಾರ ಕರೆತರುತ್ತೇನೆ, ಅವನ ಮೇಲೆ ತೋರಿಸುತ್ತೀರಾ, ಮುಟ್ಟಿಯೇ ತೋರಿಸಿ ಪರವಾಗಿಲ್ಲ. ನಿಜವಾದ ಜಿನ್ ಇರುವವರು ನಕ್ಕು, ಬಾ ಅನ್ನುತ್ತಾರೆ. ಚೆನ್‌ಜ್ಯಾಗೋದ ಅಜ್ಜನಿಗೆ ನಾನು ಯಾರು ಅಂತಲೂ ಗೊತ್ತಿರಲಿಲ್ಲ.

ಮಂಡಿ ಬಗ್ಗೆ ನನಗೆ ಸ್ವಂತ ಅನುಭವ. ಕಲಿಯುವ ಹುಮ್ಮಸ್ಸಿನಲ್ಲಿ, ಕೆಳಗೆ ಕೂತಷ್ಟೂ ಒಳಶಕ್ತಿ ಜಾಸ್ತಿ ಅಂತ ನಂಬಿ, ಎರಡು ವರ್ಷ ಎಡ ಮಂಡಿ ಹಿಡಿದುಕೊಂಡು ಓಡಾಡಿದ್ದೇನೆ. ಫಿಸಿಯೋಥೆರಪಿಸ್ಟ್‌ಗೇ ಈ ಗತಿ. ನಿಲುವನ್ನು ಒಂದು ಗೇಣು ಎತ್ತರಿಸಿ. ಮಂಡಿ ಕಾಲಿನ ಎರಡನೇ ಬೆರಳಿನ ದಿಕ್ಕಿಗೇ ಇರಲಿ, ಒಳಗೆ ವಾಲಬಾರದು. ಮುಖ್ಯವಾಗಿ, ತೂಕ ಹೊತ್ತ ಕಾಲನ್ನು ತಿರುಗಿಸಬೇಡಿ. ಮೊದಲು ತೂಕ ಇನ್ನೊಂದು ಕಾಲಿಗೆ ದಾಟಲಿ, ಆಮೇಲೆ ಪಾದ ತಿರುಗಲಿ. ನಿಲ್ಲುವ ಅಭ್ಯಾಸ 40 ನಿಮಿಷದಿಂದ 10ಕ್ಕೆ ಇಳಿಸಿ, ಉಸಿರು ತಾನಾಗಿ ಹೋಗಿಬರಲಿ. ಆರು ವಾರದಲ್ಲಿ ನೋವು ಇಳಿಯದಿದ್ದರೆ, ಊತ ಬಂದರೆ, ಮೆಟ್ಟಿಲಿಳಿಯುವಾಗ ಮಂಡಿ ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ, ಮೂಳೆ ಡಾಕ್ಟರ್‌ಗೆ ತೋರಿಸಿ. ಹೋಗುವಾಗ ಬಿಪಿ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ.